ಸುಮೋ ಸೇರಿದರೆ ತಾತನ ಹೆಸರು ಹೋಗುತ್ತಾ?

ಪ್ರಶ್ನೆ: ನಮ್ಮದು ದಾವಣಗೆರೆ. ನನ್ನ ತಮ್ಮ ಮತ್ತು ಅವನ ಹೆಂಡತಿ ಬಹಳ ವರ್ಷಗಳಿಂದ ಯೊಕೊಹಾಮಾದಲ್ಲಿದ್ದಾರೆ. ಇಬ್ಬರದೂ ಈಗಲೂ ಭಾರತದ ಪಾಸ್‌ಪೋರ್ಟ್. ಅವರ ಮಗನಿಗೆ ಈಗ 16 ವರ್ಷ. ಅಲ್ಲೇ ಹುಟ್ಟಿ ಬೆಳೆದವನು, ಒಳ್ಳೆ ಮೈಕಟ್ಟಿನ ಹುಡುಗ, ಶಾಲೆಯ ಸುಮೋ ಕ್ಲಬ್‌ನಲ್ಲಿದ್ದಾನೆ. ಹೈಸ್ಕೂಲು ಮುಗಿದ ಕೂಡಲೇ ವೃತ್ತಿಪರ ಸುಮೋಗೆ ಹೋಗುತ್ತೇನೆ ಅಂತ ಹಠ ಹಿಡಿದಿದ್ದಾನೆ. ಅವನಿಗೆ ಇಟ್ಟಿರುವುದು ನಮ್ಮ ತಂದೆಯ ಹೆಸರು. ಸುಮೋ ಸೇರಿದವರಿಗೆ ಜಪಾನಿ ಹೆಸರು ಇಡುತ್ತಾರೆ, ಸ್ವಂತ ಹೆಸರು ಬಿಡಬೇಕು ಅಂತ ಯಾರೋ ಹೇಳಿದ್ದನ್ನು ಕೇಳಿ ನಮ್ಮ ತಾಯಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಹೊರದೇಶದವರಿಗೆ ಮಾತ್ರ ಹೀಗೆ ಮಾಡುತ್ತಾರಾ? ಹೆಸರು ಇಡುವವರು ಯಾರು? ನಾವೇ ಆರಿಸಬಹುದಾ? ಪಾಸ್‌ಪೋರ್ಟ್‌ನಲ್ಲೂ ಬದಲಾಗುತ್ತಾ? ಧರ್ಮ ಬಿಡಿಸುತ್ತಾರಾ? ಅವನ ಹೆಸರಲ್ಲೇ ಆಡೋಕೆ ಆಗಲ್ವಾ?

ಉತ್ತರ: ಮೊದಲು ಅಮ್ಮನಿಗೆ ಊಟ ಮಾಡಲು ಹೇಳಿ. ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಾಗುವುದಿಲ್ಲ. ಜಪಾನಿನಲ್ಲಿ ಅವನ ಹತ್ತಿರ ಇರುವ ವಾಸದ ಕಾರ್ಡಿನಲ್ಲೂ ಬದಲಾಗುವುದಿಲ್ಲ. ಸುಮೋ ಹೆಸರಿಗೆ ಶಿಕೊನಾ ಅನ್ನುತ್ತಾರೆ. ಅದು ಅಖಾಡದ ಹೆಸರು, ಕಾನೂನಿನ ಹೆಸರಲ್ಲ. ಧರ್ಮಕ್ಕೂ ಅದಕ್ಕೂ ಸಂಬಂಧ ಇಲ್ಲ. ಈಜಿಪ್ಟಿನಿಂದ ಬಂದ ಓಸುನಾಅರಾಶಿ ಮುಸ್ಲಿಮನಾಗಿಯೇ ಮೇಲಿನ ದರ್ಜೆಯಲ್ಲಿ ಆಡಿದ, ರಂಜಾನ್ ತಿಂಗಳಲ್ಲಿ ಪಂದ್ಯ ಬಿದ್ದಾಗಲೂ ಉಪವಾಸ ಮಾಡಿದ.

ಆದರೆ ನಿಮ್ಮ ಅಮ್ಮನ ಸಂಕಟ ಪಾಸ್‌ಪೋರ್ಟಿನದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಮೊಮ್ಮಗನನ್ನು ಜನ ಏನಂತ ಕೂಗುತ್ತಾರೆ ಅನ್ನುವುದು ಅವರ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಇರುವ ಉತ್ತರ ಅಷ್ಟು ಹಿತವಾದದ್ದಲ್ಲ. ದೊಹ್ಯೋ ಮೇಲೆ, ಅಂದರೆ ಆ ಮಣ್ಣಿನ ಕಟ್ಟೆಯ ಮೇಲೆ, ಟಿವಿಯಲ್ಲಿ, ಪೇಪರಿನಲ್ಲಿ, ಬೀದಿಯಲ್ಲಿ ಅವನನ್ನು ಹೊಸ ಹೆಸರಿನಿಂದಲೇ ಕರೆಯುತ್ತಾರೆ. ಆ ಹೆಸರನ್ನು ಇಡುವವರು ನೀವಲ್ಲ.

ನಾನು ಟೋಕಿಯೋದಲ್ಲಿ ದುಭಾಷಿ ಕೆಲಸ ಮಾಡುತ್ತಾ, ಹೊರದೇಶದ ಹುಡುಗರ ತಂದೆತಾಯಿ ಮತ್ತು ಸುಮೋ ಗುರುಗಳ ನಡುವೆ ಮಾತು ದಾಟಿಸಿದವನು. ಹೆಸರಿನ ಮಾತು ಬಂದಾಗ ಎರಡೂ ಕಡೆಯವರ ಮುಖ ನೋಡಿದ್ದೇನೆ. ತಂದೆತಾಯಿಗೆ ಏನೋ ಕಳೆದುಕೊಂಡ ಹಾಗೆ. ಗುರುವಿಗೆ ದೊಡ್ಡದೊಂದನ್ನು ಕೊಡುತ್ತಿರುವ ಹಾಗೆ. ಇಬ್ಬರೂ ಸುಳ್ಳಾಡುತ್ತಿರುವುದಿಲ್ಲ.

ಹೆಸರು ಇಡುವವರು ಒಯಾಕಾತಾ. ಅಂದರೆ ಹುಡುಗ ಸೇರುವ ಹೆಯಾದ, ಆ ಸುಮೋ ಮನೆಯ, ಯಜಮಾನ. ಅವರು ಹಿಂದೆ ಸ್ವತಃ ದೊಡ್ಡ ಪಟುವಾಗಿದ್ದವರು. ಸುಮೋ ಸಂಘ ಹೆಸರನ್ನು ದಾಖಲು ಮಾಡಿಕೊಳ್ಳುತ್ತದೆ ಅಷ್ಟೇ, ಇಡುವುದಿಲ್ಲ. ಹೆಸರಿಡಲು ಶುಲ್ಕವೂ ಇಲ್ಲ. 'ಒಳ್ಳೆ ಹೆಸರು ಕೊಡಿಸ್ತೀನಿ' ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಜಪಾನಿನ ಕಾಂಜಿ ಲಿಪಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಅರ್ಥ ಇರುತ್ತದೆ. ಒಯಾಕಾತಾ ಹೆಸರು ಕಟ್ಟುವುದು ಸಾಮಾನ್ಯವಾಗಿ ಮನೆಯಲ್ಲಿ ಆಗಲೇ ಇರುವ ಅಕ್ಷರಗಳಿಂದ. ನಮ್ಮಲ್ಲಿ ಕೆಲವು ಕಡೆ ಮನೆಹೆಸರು ಇರುತ್ತದಲ್ಲ, ಹೆಚ್ಚುಕಮ್ಮಿ ಹಾಗೆ. ಸಾದೊಗತಾಕೆ ಮನೆಯಾದರೆ 'ಕೊತೊ' ಅಂತ ಶುರು. ಕಸುಗಾನೊ ಮನೆಯಾದರೆ 'ತೊಚಿ'. ತಕಸಾಗೊ ಮನೆಯಲ್ಲಿ 'ಅಸ', ಅಂದರೆ ಬೆಳಗು. ಗುರುವಿನ ಹೆಸರಿನ ಒಂದು ಅಕ್ಷರ, ಗುರುವಿನ ಗುರುವಿನ ಹೆಸರಿನ ಒಂದು ಅಕ್ಷರ, ಹುಡುಗನ ಊರಿನದ್ದೋ ಸ್ವಭಾವದ್ದೋ ಒಂದು ಅಕ್ಷರ, ಕೊನೆಗೆ ಒಂದು ಬೆಟ್ಟ, ಸಮುದ್ರ ಅಥವಾ ಡ್ರ್ಯಾಗನ್. ಕೆಲವರು ಅಕ್ಷರಗಳ ಗೀಟು ಎಣಿಸಿ ಶುಭ ಅಶುಭ ನೋಡುವುದೂ ಉಂಟು. ಅದನ್ನು ನೋಡಿ ನಗಬೇಡಿ, ನಾವು ನಕ್ಷತ್ರ ನೋಡಿ ಇಡುತ್ತೇವೆ.

ಹೊರದೇಶದವರಿಗೆ ಮಾತ್ರ ಹೀಗಾ ಅಂದಿರಿ. ಇಲ್ಲ, ಆದರೆ ಪೂರ್ತಿ ಇಲ್ಲ ಅನ್ನಲೂ ಬರುವುದಿಲ್ಲ. ಜಪಾನಿ ಹುಡುಗರಿಗೂ ಶಿಕೊನಾ ಇದೆ. ಮಿತಾಕೆಉಮಿ ಅನ್ನುವ ಓಜೆಕಿ (ಎರಡನೇ ಅತಿ ದೊಡ್ಡ ಪದವಿ) ಇದ್ದ. ಅವನ ಹೆಸರಿನಲ್ಲಿ ತನ್ನ ಊರಿನ ಓನ್‌ತಾಕೆ ಬೆಟ್ಟವೂ ಇದೆ, ದೆವಾನೊಉಮಿ ಮನೆಯ ಸಮುದ್ರವೂ ಇದೆ. ವ್ಯತ್ಯಾಸ ಇರುವುದು ಬೇರೆ ಕಡೆ. ಜಪಾನಿ ಹುಡುಗ ಮೊದಮೊದಲು ಮನೆತನದ ಹೆಸರಿನಲ್ಲೇ ಆಡಬಹುದು. ಮೇಲಿನಿಂದ ಎರಡನೇ ದರ್ಜೆಗೆ, ಅಂದರೆ ಜೂರ್ಯೋಗೆ ಬಂದಾಗ ಹೊಸ ಹೆಸರು ತೆಗೆದುಕೊಂಡರೆ ಸಾಕು. ಎಂದೋ, ಶೋದಾಯ್, ತಕಯಾಸು ಮೇಲೆ ಬಂದ ಮೇಲೂ ಸ್ವಂತ ಮನೆತನದ ಹೆಸರನ್ನೇ ಇಟ್ಟುಕೊಂಡರು. ಯೊಕೊಜುನಾ ಅನ್ನುವ ಎಲ್ಲಕ್ಕಿಂತ ದೊಡ್ಡ ಪದವಿಗೆ ಸ್ವಂತ ಮನೆತನದ ಹೆಸರಲ್ಲೇ ಏರಿದವನು ಈವರೆಗೆ ವಾಜಿಮಾ ಒಬ್ಬನೇ. ಹೊರದೇಶದ ಹುಡುಗನಿಗೆ ಈ ಸೌಲಭ್ಯ ಇಲ್ಲದ ಹಾಗೆಯೇ. ಬಹುತೇಕ ಎಲ್ಲರಿಗೂ ಶುರುವಿನಲ್ಲೇ ಹೊಸ ಹೆಸರು ಬರುತ್ತದೆ.

ಕಾರಣ ಕೇಳಿದರೆ ಒಯಾಕಾತಾಗಳು ಬಾಂಜುಕೆ ತೋರಿಸುತ್ತಾರೆ. ವರ್ಷಕ್ಕೆ ಆರು ಟೂರ್ನಿ. ಪ್ರತಿ ಟೂರ್ನಿಗೂ ಸುಮಾರು 600 ಪಟುಗಳ ಹೆಸರನ್ನು ಪಂದ್ಯದ ತೀರ್ಪುಗಾರರೇ ಕುಂಚ ಹಿಡಿದು, ದಪ್ಪ ಅಕ್ಷರದಲ್ಲಿ, ಸಂದು ಬಿಡದೆ ಬರೆದ ಪಟ್ಟಿ ಅದು. ಅಲ್ಲಿರುವುದು ಕಾಂಜಿ ಅಕ್ಷರಗಳು. ಪರದೇಶದ ಹೆಸರುಗಳನ್ನು ಬರೆಯುವ ಕಾತಾಕಾನಾ ಲಿಪಿಯಲ್ಲಿ ಒಂದು ಉದ್ದ ಹೆಸರು ಅದರ ನಡುವೆ ಕೂತರೆ ಕಣ್ಣಿಗೆ ಕುಕ್ಕುತ್ತದೆ. ಇದು ನಿಜವಾದ ಕಾರಣವೇ. ಆದರೆ ಇದೊಂದೇ ಕಾರಣ ಅಂತ ನಾನು ನಂಬುವುದಿಲ್ಲ. ನೋಡುವ ಜನ ಈ ಹುಡುಗನನ್ನು ಬೇಗ ತಮ್ಮವನು ಅಂದುಕೊಳ್ಳಲಿ ಅನ್ನುವ ಲೆಕ್ಕಾಚಾರವೂ ಅದರಲ್ಲಿ ಇದೆ.

ಈ ಲೆಕ್ಕಾಚಾರ ಒಂದು ಕಾಲದಲ್ಲಿ ಕೆಟ್ಟದಾಗಿಯೇ ಇತ್ತು. 1940ರಲ್ಲಿ ಸುಮೋ ಸೇರಿದ ರಿಕಿದೋಜಾನ್ ಕೊರಿಯಾದಲ್ಲಿ ಹುಟ್ಟಿದವನು. ಜಪಾನಿನ ಜನಕ್ಕೆ ಅವನನ್ನು ನಾಗಸಾಕಿಯವನು ಅಂತ ತೋರಿಸಲಾಯಿತು. 1950ರಲ್ಲಿ ಸುಮೋ ಬಿಟ್ಟು ಪ್ರೊ ರೆಸ್ಲಿಂಗಿಗೆ ಹೋಗಿ ದೇಶದ ದೊಡ್ಡ ಹೀರೋ ಆದಾಗಲೂ ಆ ಕಥೆ ಹಾಗೇ ನಡೆಯಿತು. ಹಾಗಾಗಿ ನಿಮ್ಮ ಅಮ್ಮನ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಈಗ ಹಾಗಿಲ್ಲ. ಮೇಲಿನ ದರ್ಜೆಯ ಪಟು ಕಟ್ಟೆ ಹತ್ತಿದಾಗ ಹೆಸರಿನ ಜೊತೆ ಊರನ್ನೂ ಮೈಕಿನಲ್ಲಿ ಹೇಳುತ್ತಾರೆ, ಮಂಗೋಲಿಯಾದ ಉಲಾನ್‌ಬಾತರ್ ಅಂತಲೇ. ಹೆಸರು ಜಪಾನಿ, ಊರು ಅವನದ್ದು.

ಇನ್ನು ಹೊರದೇಶದವರಿಗೆ ಎಂಥ ಹೆಸರು ಸಿಕ್ಕಿವೆ ನೋಡೋಣ. ನಿಮ್ಮ ಹುಡುಗನಿಗೆ ಏನು ಬರಬಹುದು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ನನ್ನ ಕಣ್ಣಲ್ಲಿ ಎಲ್ಲಕ್ಕಿಂತ ಗೌರವದ ದಾರಿ ಅಂದರೆ ಮನೆಯ ಹಳೆ ಹೆಸರನ್ನೇ ಕೊಡುವುದು. ಹವಾಯಿಯ ಮಾವಿ ದ್ವೀಪದಿಂದ 1964ರಲ್ಲಿ ಬಂದ ಜೆಸ್ಸಿ ಕುಹಾಉಲುವಾಗೆ ತಕಸಾಗೊ ಮನೆ ತಕಮಿಯಾಮ ಅನ್ನುವ ಹೆಸರು ಕೊಟ್ಟಿತು. 1909ರಲ್ಲಿ ಮೊಟ್ಟಮೊದಲ ಅಧಿಕೃತ ವೈಯಕ್ತಿಕ ಪ್ರಶಸ್ತಿ ಗೆದ್ದವನ ಹೆಸರು ಅದು, ಅವನೂ ಅದೇ ಮನೆಯವನು. 1972ರ ಜುಲೈನಲ್ಲಿ ಹೊಸ ತಕಮಿಯಾಮನೂ ಪ್ರಶಸ್ತಿ ಗೆದ್ದ. ಹೊರದೇಶದವನೊಬ್ಬ ಮೇಲಿನ ದರ್ಜೆಯ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಹವಾಯಿಯ ಇನ್ನೊಬ್ಬ ಹುಡುಗನಿಗೆ ಅದೇ ಮನೆ ಕೊನಿಶಿಕಿ ಅಂತ ಇಟ್ಟಿತು. ಅದು 19ನೇ ಶತಮಾನದ ಕೊನೆಯ ಯೊಕೊಜುನಾ ಒಬ್ಬನ ಹೆಸರು. ಪರದೇಶದವನಿಗೆ ಮನೆಯ ಪೆಟ್ಟಿಗೆಯಿಂದ ತೆಗೆದು ಒಳ್ಳೆಯದನ್ನೇ ಕೊಟ್ಟರು. ಆ ಭಾರ ಹೊರುವುದು ಮಾತ್ರ ಸುಲಭ ಅಲ್ಲ. ಸೋತಾಗ 'ಆ ಹೆಸರಿಗೆ ತಕ್ಕ ಆಟವಲ್ಲ' ಅನ್ನುವ ಮಾತನ್ನೂ ಕೇಳಬೇಕು.

ಮಂಗೋಲಿಯಾದವರ ಹೆಸರುಗಳು ಈ ಹೊಲಿಗೆ ಕೆಲಸದ ಒಳ್ಳೆ ಮಾದರಿಗಳು. ಹಕುಹೋ ಹೆಸರಿನ ಹಿಂದೆ 1960ರ ದಶಕದ ಇಬ್ಬರು ದಿಗ್ಗಜರಿದ್ದಾರೆ, ಕಶಿವಾದೊ ಮತ್ತು ತೈಹೋ. ಇಬ್ಬರ ಹೆಸರಿನ ಒಂದೊಂದು ಅಕ್ಷರ ಸೇರಿಸಿ ಆ ಕಾಲಕ್ಕೇ ಹಕುಹೋ ಯುಗ ಅನ್ನುತ್ತಿದ್ದರು. ಮೊದಲ ಅಕ್ಷರದ ಒಂದು ಭಾಗ ತೆಗೆದರೆ ಅದು 'ಬಿಳಿ' ಆಗುತ್ತದೆ. ಹುಡುಗ ಬೆಳ್ಳಗಿದ್ದ, ಹೊಂದಿತು. ಅವನು ಮುಂದೆ 45 ಪ್ರಶಸ್ತಿ ಗೆದ್ದ. ಕಕುರ್ಯೂ ಹೆಸರಿನ ಕೊಕ್ಕರೆ ಅವನ ಗುರುವಿನ ತಂದೆ ತ್ಸುರುಗಮಿನೆಯ ಹೆಸರಿನಿಂದ ಹಾರಿ ಬಂದದ್ದು. ಅಸಶೋರ್ಯೂನ 'ಅಸ' ಗುರುವಿನದ್ದು. ಉಳಿದ 'ನೀಲಿ ಡ್ರ್ಯಾಗನ್' ಕೊಚಿ ಪ್ರಾಂತ್ಯದ ಶೋರ್ಯೂಜಿ ದೇವಸ್ಥಾನದ್ದು. ಅಲ್ಲಿ ಹೈಸ್ಕೂಲು ಓದುವಾಗ ಆ ದೇವಸ್ಥಾನದ ಮೆಟ್ಟಿಲು ಓಡಿ ಹತ್ತಿ ತಾಲೀಮು ಮಾಡಿದವನು ಅವನು. ಇಚಿನೊಜೋ ಹೆಸರಿನ ಕೊನೆಯ 'ಜೋ' ಕೂಡ ಅವನು ಓದಿದ ತೊತ್ತೊರಿ ಜೋಹೊಕು ಶಾಲೆಯದ್ದು. ಇದನ್ನು ಗಮನಿಸಿ. ಜಪಾನಿನಲ್ಲಿ ಓದಿದ ಹುಡುಗನಿಗೆ ಶಾಲೆಯೂ ಒಂದು ಊರೇ. ನಿಮ್ಮ ತಮ್ಮನ ಮಗನಿಗೂ ಹೀಗೆ ಆಗಬಹುದು.

ಎರಡನೇ ಬಗೆ, ದೇಶದ ಹೆಸರನ್ನೇ ಹಣೆಗೆ ಅಂಟಿಸುವುದು. ಬಲ್ಗೇರಿಯಾದ ಕಲೊಯಾನ್ ಕೊತೊಓಶೂ ಆದ. 'ಕೊತೊ' ಮನೆಯದ್ದು, 'ಓಶೂ' ಅಂದರೆ ಯುರೋಪು. ಒಂದು ಖಂಡವನ್ನೇ ಹೊರಿಸಿದರು. ಎಸ್ಟೋನಿಯಾದವನಿಗೆ ಬರುತೊ, ಅಂದರೆ ಬಾಲ್ಟಿಕ್. ಜಾರ್ಜಿಯಾದವನಿಗೆ ಕೊಕ್ಕಾಯ್, ಕಪ್ಪು ಸಮುದ್ರ. ಈಜಿಪ್ಟಿನವನಿಗೆ ಓಸುನಾಅರಾಶಿ, ದೊಡ್ಡ ಮರಳುಬಿರುಗಾಳಿ. ರಷ್ಯಾದವರ ಹೆಸರುಗಳಲ್ಲಿ 'ರೊ' ಅನ್ನುವ ಅಕ್ಷರ ಹುಡುಕಿ, ರೋಹೋ, ಹಕುರೋಜಾನ್. ಜಪಾನಿಯಲ್ಲಿ ರಷ್ಯಾಕ್ಕೆ ಗುರುತಿನ ಅಕ್ಷರ ಅದು. 1970ರ ದಶಕದಲ್ಲಿ ಟೊಂಗಾ ದ್ವೀಪಗಳಿಂದ ಬಂದ ಹುಡುಗರಿಗೆ ಸಾಲಾಗಿ 'ಶಿಮಾ', ಅಂದರೆ ದ್ವೀಪ ಅಂತ ಸೇರಿಸಿದರು. ಒಬ್ಬ ಭಾಗ್ಯದ ದ್ವೀಪ, ಒಬ್ಬ ದಕ್ಷಿಣದ ದ್ವೀಪ, ಒಬ್ಬನಂತೂ ತೆಂಗಿನ ದ್ವೀಪ.

ಈ ಬಗೆ ನನಗೆ ಇಷ್ಟ ಇಲ್ಲ. ಮರಳುಬಿರುಗಾಳಿ ಕೇಳಲು ಚೆನ್ನಾಗಿದೆ, ಪೇಪರಿನವರಿಗೆ ಹಬ್ಬ. ಆದರೆ ಹುಡುಗ ಹತ್ತು ವರ್ಷ ಆಡಿದರೂ ಅವನ ಹೆಸರು 'ಎಲ್ಲಿಂದ ಬಂದ' ಅನ್ನುವುದನ್ನೇ ಹೇಳುತ್ತಿರುತ್ತದೆ, ಯಾರ ಶಿಷ್ಯ ಅನ್ನುವುದನ್ನಲ್ಲ. ನಿಮ್ಮ ಹುಡುಗನ ವಿಷಯದಲ್ಲಿ ನನಗೆ ಹೆದರಿಕೆ ಇರುವುದು ಇಲ್ಲೇ. ಭಾರತಕ್ಕೆ ಜಪಾನಿಯಲ್ಲಿ ತೆಂಜಿಕು ಅನ್ನುವ ಹಳೆ ಹೆಸರಿದೆ. ಅದರ ಮೊದಲ ಅಕ್ಷರ 'ತೆನ್' ಅಂದರೆ ಆಕಾಶ, ಸುಮೋ ಹೆಸರಿಗೆ ಹೇಳಿಮಾಡಿಸಿದ ಹಾಗಿದೆ. ಯಾವ ಒಯಾಕಾತಾ ಆದರೂ ಮೊದಲು ಅದರ ಕಡೆಗೇ ಕೈ ಚಾಚಬಹುದು. ಆಕಾಶ ಆದರೆ ಪರವಾಗಿಲ್ಲ. ಆನೆ, ಹುಲಿ, ಮಸಾಲೆ ಕರಿ ಅಂತ ಹೊರಟರೆ ನಯವಾಗಿ ಬೇಡ ಅನ್ನಿ. ಯೊಕೊಹಾಮಾದಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಅದು ಅವನ ಕಥೆಯೂ ಅಲ್ಲ.

ಈಚೆಗೆ ಈ ಚಾಳಿ ಕಡಿಮೆ ಆಗುತ್ತಿದೆ. ಕಜಾಕಿಸ್ತಾನದ ಹುಡುಗ ಕಿನ್ಬೋಜಾನ್. ಅದು ಕುಮಾಮೊತೊದ ಒಂದು ಬೆಟ್ಟದ ಹೆಸರು, ಗುರುವಿನ ಸೀಮೆಯದ್ದು. 2025ರ ಜನವರಿ ಟೂರ್ನಿ ಗೆದ್ದು ಯೊಕೊಜುನಾ ಆದ ಮಂಗೋಲಿಯಾದ ಹೋಶೋರ್ಯೂನ ಹೆಸರಲ್ಲಿ 'ಹೋ' ಗುರುವಿನದ್ದು. ಕೊನೆಯ ಡ್ರ್ಯಾಗನ್ ಕೇಳಿದ ಕೂಡಲೇ ಅವನ ಚಿಕ್ಕಪ್ಪ ಅಸಶೋರ್ಯೂ ನೆನಪಾಗುತ್ತಾನೆ.

ಮೂರನೆಯದು ಸ್ವಂತ ಹೆಸರಿನ ಸದ್ದನ್ನು ಕಾಂಜಿಯೊಳಗೆ ಅಡಗಿಸುವುದು. ಹಂಗೇರಿಯ ಪಟುವೊಬ್ಬನ ಮನೆತನದ ಹೆಸರು ತೋತ್. ಅವನಿಗೆ ಮಸುತೋಓ ಅಂತ ಇಟ್ಟರು. 'ಮಸು' ಮನೆಯದ್ದು. 'ತೋಓ' ಅಂದರೆ ಪೂರ್ವ ಯುರೋಪು, ಕೇಳಿದರೆ ತೋತ್ ಅನ್ನುವುದಕ್ಕೂ ಹತ್ತಿರ. ಮುಸಾಶಿಮಾರು ಹೆಸರಿನ 'ಮುಸಾಶಿ' ಮುಸಾಶಿಗಾವಾ ಮನೆಯದ್ದು, 'ಮಾರು' ಅವನ ನಿಜ ಹೆಸರು ಫಿಯಮಾಲುವಿನ ಕೊನೆಯ ಸದ್ದು. ಕೆನಡಾದ ಜಾನ್ ಟೆಂಟಾ 1980ರ ದಶಕದಲ್ಲಿ ಸಾದೊಗತಾಕೆ ಮನೆ ಸೇರಿದಾಗ ಮೊದಲು ಕೊತೊತೆಂತಾ, ಆಮೇಲೆ ಕೊತೊತೆಂಜಾನ್. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಬೆಳೆದವನಿಗೆ ಸೆಂತೋರ್ಯೂ. ಅರ್ಥ 'ಯುದ್ಧದ ಡ್ರ್ಯಾಗನ್', ಸದ್ದು ಊರಿನದ್ದು. ಅರ್ಜೆಂಟೀನಾದ ಇಬ್ಬರು ಹೋಶಿತಾಂಗೊ, ಹೋಶಿಆಂದೆಸು. ತಾಂಗೊ ಅಂದರೆ ಕುಣಿತ, ಆಂದೆಸು ಅಂದರೆ ಪರ್ವತ. ಇದರಲ್ಲಿ ಜಾಣತನವೂ ಇದೆ, ಸ್ವಲ್ಪ ತಮಾಷೆಯೂ ಇದೆ. ತಮಾಷೆ ಜಾಸ್ತಿ ಆದರೆ ಹುಡುಗನನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅದೇ ಇದರ ಅಪಾಯ.

ಈಗ ನಿಮ್ಮ ಕೈಯಲ್ಲಿ ಏನಿದೆ ಅನ್ನುವುದಕ್ಕೆ ಬರೋಣ.

ತಂದೆತಾಯಿಗಳಿಗೆ ಗೊತ್ತೇ ಇರದ ಒಂದು ಜಾಗ ಇದೆ. ಶಿಕೊನಾದಲ್ಲಿ ಎರಡು ತುಂಡು. ಕಟ್ಟೆಯ ಮೇಲೆ ಕೂಗುವುದು ಮೇಲಿನ ಹೆಸರು. ಅದರ ಕೆಳಗೆ ಇನ್ನೊಂದು ಹೆಸರಿರುತ್ತದೆ, ನಮ್ಮ ಸ್ವಂತ ಹೆಸರಿನ ಜಾಗದಲ್ಲಿ. ಅಕೆಬೊನೊ ತಾರೋ, ತೆರುನೊಫುಜಿ ಹರುಓ ಅಂತ. ಮೇಲಿನದ್ದು ಮನೆಯ ಸೊತ್ತು. ಕೆಳಗಿನದರಲ್ಲಿ ಒಯಾಕಾತಾಗಳು ಸಡಿಲ ಬಿಡುತ್ತಾರೆ. ಬರುತೊನ ಕೆಳಗಿನ ಹೆಸರು ಕಾಯ್ತೊ, ಏಕೆಂದರೆ ಅವನ ನಿಜ ಹೆಸರು ಕಾಯ್ದೊ. ಹೋಶಿತಾಂಗೊ ತನ್ನ ಮನೆತನದ ಹೆಸರು ಇಮಾಚ್ ಅನ್ನುವುದನ್ನು ಇಮಾಚಿ ಅಂತ ಅಲ್ಲೇ ಉಳಿಸಿಕೊಂಡ. ಅಸಶೋರ್ಯೂ ಅಕಿನೊರಿ ಅಂದಾಗ ಆ ಅಕಿನೊರಿ ಅವನ ಶಾಲೆಯ ಹೆಸರಿನ ಅಕ್ಷರಗಳನ್ನೇ ಬೇರೆ ರೀತಿ ಓದಿದ್ದು.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. ಯುದ್ಧ ಶುರುವಾದ ಮೇಲೆ 2022ರಲ್ಲಿ ಉಕ್ರೇನಿನಿಂದ ಜಪಾನಿಗೆ ಬಂದ ಹುಡುಗ ಅಓನಿಶಿಕಿ. ಮೇಲಿನ ಹೆಸರಿನ ಎರಡು ಅಕ್ಷರ ಗುರು ಅಮಿನಿಶಿಕಿಯದ್ದು, ನಡುವೆ ಒಂದು ನೀಲಿ. ಕೆಳಗಿನ ಹೆಸರು ಅರತಾ. ಅದು ಜಪಾನಿಗೆ ಬಂದಾಗ ಅವನನ್ನು ಮನೆಗೆ ಕರೆದು ಇಟ್ಟುಕೊಂಡ ಗೆಳೆಯನ ಹೆಸರು. 2025ರ ನವೆಂಬರ್‌ನಲ್ಲಿ ಪ್ರಶಸ್ತಿ ಗೆದ್ದು ಅವನು ಓಜೆಕಿ ಆದ. ಪದವಿ ಏರಿದ್ದು ಆ ಗೆಳೆಯನ ಹೆಸರನ್ನೂ ಹೊತ್ತುಕೊಂಡೇ.

ಹಾಗಾಗಿ ನನ್ನ ಮೊದಲ ಸಲಹೆ: ತಾತನ ಹೆಸರನ್ನು ಮೇಲೆ ಕೇಳಬೇಡಿ, ಕೆಳಗೆ ಕೇಳಿ. ಪೂರ್ತಿ ಹೆಸರು ಕೂರದಿದ್ದರೆ ಅದರ ಮೊದಲ ಎರಡು ಸದ್ದು ಸಾಕು. ಜಪಾನಿ ಕಾಂಜಿಯಲ್ಲಿ ಬಹಳಷ್ಟು ಸದ್ದುಗಳಿಗೆ ಒಳ್ಳೆ ಅರ್ಥದ ಅಕ್ಷರ ಸಿಗುತ್ತದೆ. ಹುಡುಗನಿಗೆ ಜಪಾನಿ ಬರುತ್ತದಲ್ಲ, ಎರಡು ಮೂರು ಬಗೆ ಅವನೇ ಬರೆದುಕೊಂಡು ಹೋಗಲಿ. ಬೇಡಿಕೆಯ ಹಾಗೆ ಅಲ್ಲ, ಕೋರಿಕೆಯ ಹಾಗೆ. ಒಯಾಕಾತಾ ಆಗಲ್ಲ ಅನ್ನಬಹುದು. ಅಂದರೆ ಅಲ್ಲಿಗೆ ಮುಗಿಯಿತು, ಮತ್ತೆ ಮತ್ತೆ ಎತ್ತಬೇಡಿ.

ಎರಡನೆಯ ದಾರಿ, ಸದ್ಯಕ್ಕೆ ವೃತ್ತಿಪರ ಸುಮೋ ಬೇಡ ಅನ್ನುವುದು. ಶಾಲೆ ಕಾಲೇಜಿನ ಹವ್ಯಾಸಿ ಸುಮೋದಲ್ಲಿ ಶಿಕೊನಾ ಇಲ್ಲ, ಸ್ವಂತ ಹೆಸರಲ್ಲೇ ಆಟ. ಯೂನಿವರ್ಸಿಟಿ ಸುಮೋ ಮುಗಿಸಿ ಆಮೇಲೆ ಬಂದವರು ಬೇಕಾದಷ್ಟು ಜನ. ಕಿನ್ಬೋಜಾನ್ ನಿಹೊನ್ ಯೂನಿವರ್ಸಿಟಿಯಲ್ಲಿ ಓದಿಯೇ ಬಂದದ್ದು. ಅಪ್ಪ ಅಮ್ಮನಿಗೆ ಡಿಗ್ರಿ ಇದೆ ಅನ್ನುವ ಸಮಾಧಾನ, ಹುಡುಗನಿಗೆ ಯೋಚಿಸಲು ಸಮಯ. ಅಪಾಯ ಎರಡು. ಸೇರಲು ವಯಸ್ಸಿನ ಮಿತಿ ಇದೆ, ಸಾಮಾನ್ಯವಾಗಿ 23ರೊಳಗೆ. ಇನ್ನೊಂದು ಜಾಗದ್ದು.

ಈ ಜಾಗದ ವಿಷಯ ನಿಮಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ಒಂದು ಹೆಯಾಗೆ ಹೊರದೇಶದವನು ಒಬ್ಬನೇ. 2002ರಿಂದ ಈ ನಿಯಮ ಇದೆ. ಮೊದಲು ಪೌರತ್ವ ಬದಲಿಸಿಕೊಂಡರೆ ಲೆಕ್ಕದಿಂದ ಹೊರಗೆ ಹೋಗುತ್ತಿದ್ದರು. 2010ರಲ್ಲಿ ಅದನ್ನೂ ಮುಚ್ಚಿದರು. ಹೆಯಾಗಳು ಇರುವುದು ಸುಮಾರು 45. ಜಪಾನಿನಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿನ ಪೌರತ್ವ ಬರುವುದಿಲ್ಲ. ತಂದೆತಾಯಿ ಇಬ್ಬರೂ ಭಾರತದ ಪಾಸ್‌ಪೋರ್ಟಿನವರಾದ್ದರಿಂದ ನಿಮ್ಮ ಹುಡುಗ ಈ ಲೆಕ್ಕದಲ್ಲಿ ಹೊರದೇಶದವನೇ, ಎಷ್ಟೇ ಚೆನ್ನಾಗಿ ಜಪಾನಿ ಮಾತಾಡಿದರೂ. ಮೇಲೆ ಹೇಳಿದ ತಕಯಾಸು, ಮಿತಾಕೆಉಮಿ ಇಬ್ಬರ ತಾಯಂದಿರೂ ಫಿಲಿಪೀನ್ಸಿನವರು. ಆದರೆ ತಂದೆ ಜಪಾನಿ, ಹಾಗಾಗಿ ಅವರಿಗೆ ಈ ತೊಂದರೆ ಬರಲಿಲ್ಲ. ಅಂದರೆ ನಿಮ್ಮ ಹುಡುಗನಿಗೆ ಬಾಗಿಲು ತೆರೆದಿರುವ ಮನೆಗಳೇ ಕೆಲವು. ಅಲ್ಲಿ ಕೂತು ಹೆಸರಿನ ಬಗ್ಗೆ ಚೌಕಾಸಿ ಮಾಡುವ ಶಕ್ತಿ ನಿಮಗೆ ಕಡಿಮೆ.

ಇನ್ನೂ ಒಂದು ಮಾತು. ಒಮ್ಮೆ ಸೇರಿದ ಮೇಲೆ ಬೇಕಾದಾಗ ಮನೆ ಬದಲಿಸಲು ಬರುವುದಿಲ್ಲ. ಮನೆಯೇ ಮುಚ್ಚಿದರೆ ಅಥವಾ ಇನ್ನೊಂದರಲ್ಲಿ ಸೇರಿದರೆ ಮಾತ್ರ ಹೋಗಬೇಕು. ತೆರುನೊಫುಜಿ ಮೊದಲು ಮಗಾಕಿ ಮನೆಯಲ್ಲಿ ವಾಕಮಿಶೋ ಆಗಿದ್ದ. 2013ರಲ್ಲಿ ಆ ಮನೆ ಮುಚ್ಚಿ ಇಸೆಗಹಾಮಾಗೆ ಬಂದ ಮೇಲೆ ಹೆಸರೂ ಬದಲಾಯಿತು. ಆ ಮನೆಯ ಹಳೆ ಯೊಕೊಜುನಾ ತೆರುಕುನಿ ಮತ್ತು ಗುರು ಅಸಹಿಫುಜಿ, ಇಬ್ಬರಿಂದ ಅರ್ಧರ್ಧ. ಆ ಹೆಸರಿನಲ್ಲಿ ಅವನು ಏನೆಲ್ಲ ಅನುಭವಿಸಿದ ಅನ್ನುವುದು ಬೇರೆಯೇ ಕಥೆ. ಓಜೆಕಿಯಿಂದ ಐದನೇ ದರ್ಜೆಯವರೆಗೆ ಜಾರಿ, ಮತ್ತೆ ಏರಿ, 2021ರಲ್ಲಿ ಯೊಕೊಜುನಾ ಆದ.

ಹಾಗಾಗಿ ಮೊದಲು ಸಿಕ್ಕಿದ ಹೆಸರೇ ಕೊನೆಯದು ಅಂದುಕೊಳ್ಳಬೇಡಿ. ಪದವಿ ಏರಿದಾಗ, ಗಾಯದಿಂದ ಎದ್ದು ಬರುವಾಗ ಬದಲಿಸುವ ರೂಢಿ ಇದೆ. ಅಮಾ ಅನ್ನುವ ಸಣಕಲು ಹುಡುಗ 2008ರಲ್ಲಿ ಓಜೆಕಿ ಆದಾಗ ಹರುಮಾಫುಜಿ ಆದ. ಕುದುರೆಯ ಅಕ್ಷರ ಉಳಿಯಿತು, ಸೂರ್ಯ ಮತ್ತು ಫುಜಿ ಸೇರಿದವು. ಮಂಗೋಲಿಯಾದ ಕಿರಿಬಯಾಮನ ಹೆಸರಲ್ಲಿ ಮಂಜು ಗುರುವಿನದ್ದು, ಕುದುರೆ ಅವನ ನಾಡಿನದ್ದು. 2023ರಲ್ಲಿ ಓಜೆಕಿ ಆದಾಗ ಗುರು ತಾನು ಆಡಿದ ಹೆಸರನ್ನೇ, ಕಿರಿಶಿಮಾ ಅನ್ನುವುದನ್ನು, ಇಡಿಯಾಗಿ ಅವನಿಗೆ ಬಿಟ್ಟುಕೊಟ್ಟರು. ಒಬ್ಬ ಗುರು ಇದಕ್ಕಿಂತ ಹೆಚ್ಚು ಏನು ಕೊಡಲು ಸಾಧ್ಯ ಹೇಳಿ.

ಕಾನೂನಿನ ಹೆಸರು ಬದಲಾಗುವ ಸಂದರ್ಭ ಒಂದೇ ಒಂದು ಇದೆ, ಅದು ಬಹಳ ದೂರದ ಮಾತು. ಆಟ ನಿಲ್ಲಿಸಿದ ಮೇಲೆ ಸಂಘದಲ್ಲೇ ಉಳಿದು ಒಯಾಕಾತಾ ಆಗಬೇಕಾದರೆ ಜಪಾನ್ ಪೌರತ್ವ ಬೇಕು. ಅದಕ್ಕೇ ತಕಮಿಯಾಮ 1980ರಲ್ಲಿ, ಹಕುಹೋ 2019ರಲ್ಲಿ, ತೆರುನೊಫುಜಿ 2021ರಲ್ಲಿ ಪೌರತ್ವ ತೆಗೆದುಕೊಂಡರು. ಆಗ ದಾಖಲೆಗೆ ಯಾವ ಹೆಸರು ಅಂತ ಅವರೇ ಆರಿಸುತ್ತಾರೆ. ಹಕುಹೋ ಶೋ ಅನ್ನುವುದು ಈಗ ಕಾನೂನಿನಲ್ಲೂ ಅವನ ಹೆಸರು. ತೆರುನೊಫುಜಿ ಗುರುವಿನ ಮನೆತನದ ಹೆಸರು ಸುಗಿನೊಮೊರಿ ತೆಗೆದುಕೊಂಡ. ಕೊತೊಓಶೂ ಮಾತ್ರ ಅಂದೋ ಕರೊಯಾನ್ ಆದ, ಅಪ್ಪ ಅಮ್ಮ ಇಟ್ಟ ಕಲೊಯಾನ್ ಅನ್ನುವುದನ್ನು ಬಿಡಲಿಲ್ಲ. ಭಾರತದವರಿಗೆ ಇಲ್ಲಿ ಒಂದು ಗಂಟಿದೆ. ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಜಪಾನಿನದ್ದು ತೆಗೆದುಕೊಂಡ ದಿನ ಭಾರತದ್ದು ಹೋಗುತ್ತದೆ. ಅದು ಹೆಸರಿಗಿಂತ ದೊಡ್ಡ ನಿರ್ಧಾರ. ಆದರೆ ಅಷ್ಟು ದೂರ ಮುಟ್ಟುವವರೇ ಕೆಲವರು. ಅಷ್ಟರಲ್ಲಿ ಹುಡುಗ ಮೂವತ್ತರ ಗಂಡಸಾಗಿರುತ್ತಾನೆ, ಅದನ್ನು ಅವನೇ ನೋಡಿಕೊಳ್ಳುತ್ತಾನೆ.

ಸ್ವಂತ ಹೆಸರನ್ನು ಯಾರೂ ಕರೆಯುವುದೇ ಇಲ್ಲವಾ ಅಂದರೆ, ಹಾಗೂ ಅಲ್ಲ. ನಾನು ಕಂಡ ಮಂಗೋಲಿಯಾದ ಹುಡುಗರು ತಮ್ಮ ನಡುವೆ ಹಳೆ ಹೆಸರಲ್ಲೇ ಕರೆದುಕೊಳ್ಳುತ್ತಾರೆ. ಬೈಯುವಾಗಂತೂ ಗ್ಯಾರಂಟಿ. ಫೋನಿನಲ್ಲಿ ಮನೆಯವರು ಕರೆಯುವುದೂ ಅದೇ.

ನನ್ನನ್ನು ಕೇಳಿದರೆ, ನಿಮ್ಮ ಮನೆಯಲ್ಲಿ ಈಗ ಹೆಸರಿನ ಬಗ್ಗೆ ಆಗುತ್ತಿರುವ ಮಾತಿನಲ್ಲಿ ಅರ್ಧವನ್ನಾದರೂ ಬೇರೆ ಕಡೆ ತಿರುಗಿಸಬೇಕು. ಜೂರ್ಯೋಗೆ ಬರುವವರೆಗೆ ತಿಂಗಳ ಸಂಬಳ ಇಲ್ಲ, ಊಟ ವಸತಿ ಮತ್ತು ಟೂರ್ನಿಗೊಮ್ಮೆ ಸಣ್ಣ ಭತ್ಯೆ ಮಾತ್ರ. ಸುಮಾರು 600 ಜನರಲ್ಲಿ ಸಂಬಳ ಇರುವವರು 70 ಜನ. ಉಳಿದವರು ಅಡುಗೆ ಮಾಡುತ್ತಾ, ನೆಲ ಒರೆಸುತ್ತಾ, ಹಿರಿಯರ ಸೇವೆ ಮಾಡುತ್ತಾ ವರ್ಷಗಟ್ಟಲೆ ಕಾಯುತ್ತಾರೆ. ನಿಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ ಅಂತಾದರೆ ಅದನ್ನೂ ಈಗಲೇ ಮಾತಾಡಿ. ಸುಮೋ ಮನೆಯ ಚಾಂಕೊ ಸಾರಿನಲ್ಲಿ ಮೀನು, ಕೋಳಿ, ಹಂದಿ ದಿನಾ ಇರುತ್ತದೆ. ಹೆಸರು ಬದಲಾದರೆ ಹುಡುಗನಿಗೆ ಏನೂ ಆಗುವುದಿಲ್ಲ. ಊಟ ಒಗ್ಗದಿದ್ದರೆ ಆರು ತಿಂಗಳು ನಿಲ್ಲುವುದೂ ಕಷ್ಟ.

ಆದ್ದರಿಂದ ಹೆಸರಿಗಿಂತ ಮೊದಲು ಒಯಾಕಾತಾರನ್ನು ಆರಿಸಿ, ಏಕೆಂದರೆ ಹೆಸರು ಬರುವುದು ಅವರಿಂದ, ಬದುಕು ಬರುವುದೂ ಅವರಿಂದ. ಬಹಳಷ್ಟು ಹೆಯಾಗಳಲ್ಲಿ ಮುಂಚೆ ಹೇಳಿದರೆ ಬೆಳಗಿನ ತಾಲೀಮು ನೋಡಲು ಬಿಡುತ್ತಾರೆ. ನಿಮ್ಮ ತಮ್ಮ ಒಂದೇ ಮನೆ ನೋಡಿ ಒಪ್ಪಿಕೊಳ್ಳುವುದು ಬೇಡ. ಹಿರಿಯರು ಕಿರಿಯರನ್ನು ಹೇಗೆ ಮಾತಾಡಿಸುತ್ತಾರೆ ಅನ್ನುವುದನ್ನು ನೋಡಲಿ. ಗಾಯ ಆದವನು ಮೂಲೆಯಲ್ಲಿ ಏನು ಮಾಡುತ್ತಿದ್ದಾನೆ ಅನ್ನುವುದನ್ನೂ. ಆ ಮನೆಗೆ ಮೊದಲು ಹೊರದೇಶದ ಹುಡುಗ ಬಂದಿದ್ದರೆ ಅವನಿಗೆ ಯಾವ ಹೆಸರು ಇಟ್ಟರು, ಯಾಕೆ ಇಟ್ಟರು, ಅವನು ಈಗ ಎಲ್ಲಿದ್ದಾನೆ ಅಂತ ಕೇಳಲಿ. ಈ ಮೂರು ಪ್ರಶ್ನೆಗೆ ಮುಚ್ಚುಮರೆ ಇಲ್ಲದೆ ಉತ್ತರ ಕೊಡುವ ಒಯಾಕಾತಾ ತಾತನ ಹೆಸರಿನ ಮಾತನ್ನೂ ಕೂತು ಕೇಳುತ್ತಾರೆ. ಆ ಕೋರಿಕೆಯನ್ನು ದೊಡ್ಡವರು ಮಾಡುವುದು ಬೇಡ. ಹುಡುಗನೇ ಜಪಾನಿಯಲ್ಲಿ ಹೇಳಲಿ, ಅಪ್ಪ ಪಕ್ಕದಲ್ಲಿ ಕೂತಿರಲಿ ಸಾಕು.